ಸೆಲ್ಫ್ ಒತ್ತಿದರೆ ‘ಟಕ್ ಟಕ್’ ಅಷ್ಟೇ: ಎಟಿವಿಗೆ ಹೊಸ ಬ್ಯಾಟರಿ ಬೇಕೇ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದೊಂದು ಹೋಂಸ್ಟೇ ಇದೆ. ಮಳೆಗಾಲ ಶುರುವಾದಾಗ ಶೆಡ್ಡಿನಲ್ಲಿ ನಿಲ್ಲಿಸಿದ್ದ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಈಗ ಸ್ಟಾರ್ಟ್ ಆಗುತ್ತಿಲ್ಲ. ಸೆಲ್ಫ್ ಬಟನ್ ಒತ್ತಿದರೆ ಟಕ್ ಟಕ್ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತದೆ. ಬ್ಯಾಟರಿ ಬದಲಾಯಿಸಿಬಿಡಲೇ?

ಉತ್ತರ: ಈಗಲೇ ಬೇಡ. ಬ್ಯಾಟರಿ ಹೋಗಿರುವ ಸಾಧ್ಯತೆ ಖಂಡಿತ ಇದೆ. ಆದರೆ ಇದೇ ಸದ್ದು ಸಡಿಲ ಟರ್ಮಿನಲ್‌ನಿಂದಲೂ ಬರುತ್ತದೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಇಂಜಿನ್ನಿಗೋ ಚಾಸಿಸ್ಸಿಗೋ ಜೋಡಿಸುವ, ಕಿಲುಬು ಹಿಡಿದ ಅರ್ತ್ ವೈರ್‌ನಿಂದಲೂ ಬರುತ್ತದೆ. ಅಳತೆ ಮಾಡದೆ ಹೊಸ ಬ್ಯಾಟರಿ ಕೂರಿಸಿ, ಮತ್ತೆ ಅದೇ ಟಕ್ ಟಕ್ ಕೇಳಿಸಿಕೊಂಡವರು ಕಡಿಮೆಯೇನಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಗಂಟೆಯಲ್ಲಿ ವಿಷಯ ತಿಳಿಯುತ್ತದೆ.

ಹೆಡ್‌ಲೈಟ್ ಉರಿಯುವುದನ್ನು ಸಾಕ್ಷಿ ಎಂದುಕೊಳ್ಳಬೇಡಿ. 35 ವ್ಯಾಟ್ ಬಲ್ಬಿಗೆ ಬೇಕಾಗಿರುವುದು ಸುಮಾರು 3 ಆಂಪಿಯರ್. ಸೆಲ್ಫ್ ಮೋಟಾರ್ ಚಿಕ್ಕ ಇಂಜಿನ್‌ನಲ್ಲೇ ಹತ್ತಾರು ಆಂಪಿಯರ್ ಎಳೆಯುತ್ತದೆ. ಅರೆಜೀವದ ಬ್ಯಾಟರಿಯೂ ದೀಪ ಉರಿಸುತ್ತದೆ, ಮೋಟಾರ್ ತಿರುಗಿಸಲಾರದು.

ಆ ಸದ್ದು ಬರುವುದು ಸ್ಟಾರ್ಟರ್ ರಿಲೇಯಿಂದ. ಬಟನ್ ಒತ್ತಿದಾಗ ರಿಲೇಯೊಳಗಿನ ಕಾಯಿಲ್ ಎರಡು ದಪ್ಪ ಕಾಂಟ್ಯಾಕ್ಟ್‌ಗಳನ್ನು ಕೂಡಿಸುತ್ತದೆ, ಬ್ಯಾಟರಿಯ ಕರೆಂಟ್ ಮೋಟಾರಿಗೆ ಹರಿಯುತ್ತದೆ. ಬ್ಯಾಟರಿ ಸೋತಿದ್ದರೆ ಮೋಟಾರ್ ಎಳೆದ ಕ್ಷಣವೇ ವೋಲ್ಟೇಜ್ ಕುಸಿದು ಕಾಯಿಲ್ ಹಿಡಿತ ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರುತ್ತದೆ, ಕಾಯಿಲ್ ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ನಡೆಯುವುದೇ ನಿಮಗೆ ಕೇಳುವ ಟಕಟಕ. ಒಂದೇ ಒಂದು ಸಲ ಗಟ್ಟಿಯಾಗಿ ‘ಟಕ್’ ಎಂದು ಸುಮ್ಮನಾದರೆ ಕಥೆ ಬೇರೆ: ರಿಲೇ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಷ್ ಸವೆದಿರಬಹುದು ಅಥವಾ ಇಂಜಿನ್ನೇ ಜಾಮ್ ಆಗಿರಬಹುದು. ಏನೂ ಸದ್ದಿಲ್ಲದಿದ್ದರೆ ಮೊದಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಇಂಜಿನ್ ಆಫ್ ಬಟನ್), ನ್ಯೂಟ್ರಲ್, ರಿಲೇ ಪಕ್ಕದ ಫ್ಯೂಸ್ ನೋಡಿ. ಬ್ರೇಕ್ ಲಿವರ್ ಹಿಡಿಯದೆ ಸೆಲ್ಫ್ ಕೆಲಸವೇ ಮಾಡದ ಮಾಡೆಲ್‌ಗಳು ಬಹಳ ಇವೆ. ಮಕ್ಕಳ 110 ಸಿಸಿ ಗಾಡಿಗಳಲ್ಲಿ ಹಿಂದೆ ನೇತಾಡುವ ಕೆಂಪು ಸೇಫ್ಟಿ ದಾರ ಕಳಚಿಕೊಂಡಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಈಗ ಅಳತೆ. ಕೀ ಆಫ್ ಇರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಪ್ಲಸ್, ಮೈನಸ್ ಕಂಬಗಳಿಗೇ ತಾಗಿಸಿ, ವೈರಿನ ಕ್ಲಾಂಪಿಗಲ್ಲ. ಪೂರ್ಣ ಚಾರ್ಜ್ ಆದ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.4 ಅಂದರೆ ಮುಕ್ಕಾಲು ಪಾಲು, 12.0 ಅಂದರೆ ಬಹುತೇಕ ಖಾಲಿ. ಆಮೇಲೆ ಒಬ್ಬರು ಸೆಲ್ಫ್ ಒತ್ತಲಿ, ನೀವು ಮೀಟರ್ ನೋಡಿ. ನಿಜವಾಗಿ ಉಪಯೋಗಕ್ಕೆ ಬರುವ ಸಂಖ್ಯೆ ಇದು:

• ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಶಕ್ತಿ ಇಲ್ಲ. ಮೊದಲು ಚಾರ್ಜ್ ಮಾಡಿ ನೋಡಿ, ತೀರ್ಮಾನ ಆಮೇಲೆ.
• 12ರ ಮೇಲೆಯೇ ನಿಂತು ಟಕ್ ಅನ್ನುತ್ತಿದ್ದರೆ ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ. ಬ್ಯಾಟರಿ ನಿರಪರಾಧಿ. ವೈರ್, ಟರ್ಮಿನಲ್, ರಿಲೇ, ಮೋಟಾರಿನ ಬ್ರಷ್ ಕಡೆ ಹೋಗಿ.
• ಪೂರ್ತಿ ಚಾರ್ಜ್ ಇದ್ದೂ ಭಾರೀ ಕುಸಿದು, ಮೋಟಾರ್ ಮಿಸುಕದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಇನ್ನೊಮ್ಮೆ ಒತ್ತಿ. ಆಗ ತಿರುಗಿದರೆ ಸಿಲಿಂಡರಿನೊಳಗೆ ಪೆಟ್ರೋಲೋ ನೀರೋ ತುಂಬಿದೆಯೇ ನೋಡಬೇಕು.

ಚಾರ್ಜಿಂಗ್‌ನಲ್ಲೇ ಅನೇಕ ಬ್ಯಾಟರಿಗಳು ಸಾಯುತ್ತವೆ. ನಿಯಮ ಸರಳ: ಚಾರ್ಜಿಂಗ್ ಕರೆಂಟ್ ಅಂದರೆ ಬ್ಯಾಟರಿಯ ಸಾಮರ್ಥ್ಯ ಹೇಳುವ ಎಎಚ್, ಅಂದರೆ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ. 9 ಎಎಚ್ ಬ್ಯಾಟರಿಗೆ 0.9 ಆಂಪಿಯರ್, 14 ಎಎಚ್‌ಗೆ 1.4. ಕಾರಿನ ಬ್ಯಾಟರಿಗೆ ಬಳಸುವ 10 ಆಂಪಿಯರ್ ಚಾರ್ಜರ್‌ಗೆ ಕೊಟ್ಟರೆ ಒಳಗಿನ ಪ್ಲೇಟುಗಳು ಬೆಂದುಹೋಗುತ್ತವೆ. ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗದಲ್ಲಿ, ಒಲೆಯಿಂದ ದೂರ ಇಡಿ. ಪೂರ್ತಿ ಚಾರ್ಜ್ ಮಾಡಿ, ವೈರ್ ಕಳಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 12.4ಕ್ಕಿಂತ ಕೆಳಗಿಳಿದಿದ್ದರೆ ಈಗ ಹೊಸ ಬ್ಯಾಟರಿ ತರಬಹುದು, ಅನುಮಾನವಿಲ್ಲ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಂತ ಗಾಡಿಯಾದರೆ ನಾವು ಬ್ಯಾಟರಿಗಿಂತ ಮೊದಲು ಶಂಕಿಸುವುದು ಅರ್ತ್ ವೈರನ್ನು. ಬ್ಯಾಟರಿ ಕಂಬವನ್ನು ಎಲ್ಲರೂ ಉಜ್ಜುತ್ತಾರೆ. ಅದೇ ಕಪ್ಪು ವೈರಿನ ಇನ್ನೊಂದು ತುದಿ ಇಂಜಿನ್ನಿಗೋ ಚಾಸಿಸ್ಸಿಗೋ ಬೋಲ್ಟ್ ಆಗಿರುತ್ತದೆ, ಅದರ ಸುದ್ದಿಗೆ ಯಾರೂ ಹೋಗುವುದಿಲ್ಲ. ಕೆಂಪುಮಣ್ಣಿನ ಕೆಸರು, ತೇವ, ತುಕ್ಕು ಎಲ್ಲ ಸೇರುವುದು ಅಲ್ಲೇ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಎಮ್ರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಜೋಡಿಸುವಾಗ ಪಾಸಿಟಿವ್ ಮೊದಲು. ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಮೊದಲೇ ಅಲ್ಲ. ಸರಿಯಾಯಿತೇ ಎಂದು ತಿಳಿಯಲು ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಒತ್ತಿ. 0.3 ವೋಲ್ಟ್ ದಾಟಿದರೆ ಅರ್ತ್ ಇನ್ನೂ ಸರಿಯಿಲ್ಲ. ಇದೇ ರೀತಿ ರಿಲೇಯ ಎರಡು ದಪ್ಪ ಟರ್ಮಿನಲ್‌ಗಳ ನಡುವೆ ಅಳೆಯಿರಿ: ಒತ್ತಿದಾಗ ಸೊನ್ನೆಯ ಹತ್ತಿರ ಬರಬೇಕು. ಟಕ್ ಎಂದರೂ 12 ವೋಲ್ಟೇ ತೋರಿಸುತ್ತಿದ್ದರೆ ರಿಲೇ ಸತ್ತಿದೆ. ಸ್ಕ್ರೂಡ್ರೈವರಿನಿಂದ ಆ ಎರಡನ್ನು ಕೂಡಿಸಿ ನೋಡುವ ಗ್ಯಾರೇಜ್ ಪದ್ಧತಿ ಕೆಲಸ ಮಾಡುತ್ತದೆ ನಿಜ, ಆದರೆ ಕಿಡಿ ಹಾರುತ್ತದೆ. ಗೇರಿನಲ್ಲಿದ್ದರೆ ಗಾಡಿ ಮೈಮೇಲೆ ಬರುತ್ತದೆ. ಮೀಟರ್ ಇದ್ದಾಗ ಅದರ ಅಗತ್ಯವಿಲ್ಲ.

ಕಾರಿನ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಸ್ಟಾರ್ಟ್ ಮಾಡುವುದಾದರೆ ಕಾರಿನ ಇಂಜಿನ್ ಆಫ್ ಇರಲಿ. ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ಬಿಡಿ: ಬೆಲ್ಟ್ ಡ್ರೈವ್ ಇರುವ, ಕೈ ಕ್ಲಚ್ ಇಲ್ಲದ ಎಟಿವಿಯಲ್ಲಿ ಚಕ್ರ ತಿರುಗಿದರೂ ಇಂಜಿನ್ ತಿರುಗುವುದಿಲ್ಲ.

ಸೆಲ್ಫ್ ಸರಿಹೋಗಿ ಇಂಜಿನ್ ತಿರುಗಿಯೂ ಹತ್ತದಿದ್ದರೆ ಮುಂದಿನ ಶಂಕೆ ಪೆಟ್ರೋಲ್. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಅದರ ಜೊತೆ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರ್ ಬುಡದ ಡ್ರೈನ್ ಸ್ಕ್ರೂ ಸಡಿಲಿಸಿ ಬೌಲಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಎರಡು ಪದರ ಕಂಡರೆ ಅಥವಾ ವಾರ್ನಿಶ್ ವಾಸನೆ ಬಂದರೆ ಟ್ಯಾಂಕಿನ ಪೆಟ್ರೋಲನ್ನೂ ಬದಲಿಸಿ. ಚೋಕ್ ಎಳೆದಾಗ ಹತ್ತಿ, ಚೋಕ್ ಬಿಟ್ಟೊಡನೆ ಆರಿದರೆ ಪೈಲಟ್ ಜೆಟ್ (ಕಾರ್ಬೊರೇಟರಿನಲ್ಲಿ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಕಟ್ಟಿದೆ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತ ಸಣ್ಣದು, ಸೂಜಿ ಹಾಕಿದರೆ ಅಗಲವಾಗಿ ಮಿಶ್ರಣವೇ ಕೆಡುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ಕಂಪ್ರೆಸರ್ ಗಾಳಿ ಬಿಡಿ. ಫ್ಯೂಯೆಲ್ ಇಂಜೆಕ್ಷನ್ ಗಾಡಿಯಾದರೆ ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರಬೇಕು. ಬಾರದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಿ, ಜೊತೆಗೆ ಇಲಿ ಕಡಿದ ವೈರ್ ಇದೆಯೇ ಹುಡುಕಿ.

ಪ್ಲಗ್ ಬಿಚ್ಚಿದರೆ ಅದೇ ಹೇಳುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಿದ್ದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಒರೆಸಿ, ಗ್ಯಾಪ್ 0.6–0.7 ಮಿ.ಮೀ. ಇಟ್ಟು, ಆಕ್ಸಿಲರೇಟರ್ ಪೂರ್ತಿ ತೆರೆದು ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ಒತ್ತಬೇಡಿ. ನಡುನಡುವೆ ಅರ್ಧ ನಿಮಿಷ ಬಿಟ್ಟರೆ ಮೋಟಾರ್ ತಣ್ಣಗಾಗುತ್ತದೆ. ಇಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ದರೆ ಮಾತ್ರ ಸೆಲ್ಫ್ ಮುಟ್ಟಲೇಬೇಡಿ. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಸೋರುತ್ತಿದೆ, ಅದನ್ನು ಸರಿಮಾಡಿ ಆಯಿಲ್ ಬದಲಿಸಿದ ಮೇಲೆಯೇ ಮುಂದಿನ ಮಾತು.

ಹತ್ತಿ ಐದು ನಿಮಿಷಕ್ಕೆ ತಾನೇ ಆರುತ್ತಿದೆಯೇ? ಟ್ಯಾಂಕ್ ಮುಚ್ಚಳ ಸಡಿಲಿಸಿ. ಆಗ ಓಡಿದರೆ ಟ್ಯಾಂಕಿಗೆ ಗಾಳಿ ಬಿಡುವ ಕೊಳವೆ ಕಟ್ಟಿಕೊಂಡಿದೆ, ಕಣಜ ಮಣ್ಣು ಮೆತ್ತಿ ಗೂಡು ಮಾಡುವ ಇಷ್ಟದ ಜಾಗಗಳಲ್ಲಿ ಅದೂ ಒಂದು.

ಸ್ಟಾರ್ಟ್ ಆದಮೇಲೂ ಮೀಟರ್ ಒಳಗಿಡಬೇಡಿ. ಇಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿ ಕಂಬಗಳ ಮೇಲೆ ಅಳೆದರೆ 13.5ರಿಂದ 14.5 ವೋಲ್ಟ್ ಬರಬೇಕು. 13 ಕೂಡ ದಾಟದಿದ್ದರೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರಿನ ಕನೆಕ್ಟರ್ ಕಪ್ಪಾಗಿದೆಯೇ, ಇಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಸ್ಟೇಟರಿನ ವೈರ್ ಕಳಚಿದೆಯೇ ನೋಡಿ. ವೋಲ್ಟೇಜ್ ಸರಿಯಿದ್ದೂ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಓಡಿಸುವ ರೀತಿಯೇ ಕಾರಣ. ಹೋಂಸ್ಟೇ ಗಾಡಿ ಅತಿಥಿಗಳಿಗಾಗಿ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗಿ, ಪ್ರತಿ ಸಲ ಐದೈದು ನಿಮಿಷ ನಿಧಾನ ಓಡುತ್ತದೆ. ಸೆಲ್ಫ್ ಎಳೆದುಕೊಂಡದ್ದು ಅಷ್ಟರಲ್ಲಿ ವಾಪಸ್ ತುಂಬುವುದಿಲ್ಲ. ಅಂಥ ಗಾಡಿಗೆ ವಾರಕ್ಕೊಮ್ಮೆ ರಾತ್ರಿ ಚಾರ್ಜರ್ ಹಾಕಿ, ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಬ್ಯಾಟರಿ ಬಿಚ್ಚಿ ಒಳಗಿಟ್ಟು ತಿಂಗಳಿಗೊಮ್ಮೆ.