ಮುಚ್ಚಿದ ಫೈಲನ್ನು ಹೊರಗಿನವರೂ ಓದಲಿ

ಫೈಲಿನ ಕೊನೆಯ ಹಾಳೆಯಲ್ಲಿ ಹೀಗಿತ್ತು: 'ಮೂರು ಬಾರಿ ಕರೆ ಮಾಡಲಾಗಿದೆ. ದೂರುದಾರರು ಸಹಕರಿಸುತ್ತಿಲ್ಲ. ಪ್ರಕರಣ ಮುಕ್ತಾಯ.' ನಾನು ಮೊದಲ ಹಾಳೆಗೆ ವಾಪಸ್ ಬಂದೆ. ಅದು ಆಕೆ ಠಾಣೆಯಲ್ಲಿ ಕೊಟ್ಟ ಹೇಳಿಕೆ. ಅದರ ನಾಲ್ಕನೇ ಸಾಲಲ್ಲೇ ಇತ್ತು: 'ನನ್ನ ಫೋನನ್ನು ಗಂಡ ಕಿತ್ತು ಇಟ್ಟುಕೊಂಡಿದ್ದಾನೆ.' ಪೊಲೀಸರು ಮೂರು ಸಲವೂ ಕರೆ ಮಾಡಿದ್ದು ಅದೇ ನಂಬರಿಗೆ. ಅಂದರೆ, ಹೆಂಡತಿ ದೂರು ಕೊಟ್ಟಿದ್ದಾಳೆ ಅಂತ ಹೊಡೆದವನಿಗೇ ಮೂರು ಸಲ ತಿಳಿಸಿದ ಹಾಗಾಯ್ತು.

ಕೌಟುಂಬಿಕ ಮತ್ತು ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಹೆಣ್ಣುಮಕ್ಕಳ ಪರ ನಿಲ್ಲುವ ವಕೀಲೆ ನಾನು. ಆ ಫೈಲಿಗೆ ಇಬ್ಬರು ಮೇಲಧಿಕಾರಿಗಳ ಸಹಿಯೂ ಬಿದ್ದಿತ್ತು. ಅವರು ಬೇಕಂತಲೇ ಮುಚ್ಚಿಹಾಕಿದರು ಅಂತ ನಾನು ಹೇಳುವುದಿಲ್ಲ. ಮುಚ್ಚಲು ಕಾರಣ ಬರೆದಿದೆಯಾ ಅಂತ ನೋಡಿದರು, ಬರೆದಿತ್ತು, ಸಹಿ ಹಾಕಿದರು. ಆ ಹೆಂಗಸಿನ ಕಣ್ಣಿಂದ ಫೈಲ್ ಓದುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ನನಗೆ ಕಾಡುವ ವಿಷಯ ಇದೇ.

ಪೊಲೀಸರ ಮೇಲೆ ಸ್ವತಂತ್ರ ನಿಗಾ ಬೇಕು ಅಂದ ತಕ್ಷಣ ಎಲ್ಲರೂ ದೂರು ಪ್ರಾಧಿಕಾರದ, ಅಂದರೆ ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಸಂಸ್ಥೆಯ ಮಾತೆತ್ತುತ್ತಾರೆ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಪ್ರಾಧಿಕಾರ ಕೆಲಸ ಶುರು ಮಾಡುವುದು ಹೆಚ್ಚಾಗಿ ಯಾರಾದರೂ ದೂರು ಕೊಟ್ಟಾಗಲೇ. ಮನೆಯಲ್ಲಿ ಹೊಡೆತ ತಿಂದು, ಠಾಣೆಯಲ್ಲಿ 'ರಾಜಿ ಮಾಡ್ಕೊಂಡು ಹೋಗಮ್ಮ' ಅನ್ನಿಸಿಕೊಂಡು ಬಂದವಳು ಈಗ ಪೊಲೀಸರ ಮೇಲೇ ಇನ್ನೊಂದು ದೂರು ಬರೆಯುತ್ತಾಳಾ? ಬಹುತೇಕರು ಬರೆಯುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಅದೇ ಮನೆಗೆ ಹೋಗುತ್ತಾರೆ. ದಾಖಲೆಯಲ್ಲಿ ಮಾತ್ರ ಎಲ್ಲ ಸರಿಯಾಗಿರುತ್ತದೆ.

ಭಾರತದಲ್ಲಿ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ರಚಿಸಬೇಕು ಅಂತ ನಿರ್ದೇಶನ ಕೊಟ್ಟಿತು. ಅಲ್ಲಿ ಮುಖ್ಯವಾಗಿ ಹೆಸರಿಸಿದ್ದು ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಸುಲಿಗೆ, ಅಧಿಕಾರದ ಗಂಭೀರ ದುರುಪಯೋಗದಂಥ ತಪ್ಪುಗಳನ್ನು. ಪೊಲೀಸರು ಮಾಡಿದ ತಪ್ಪು ಆ ಪಟ್ಟಿಯಲ್ಲಿ ಸುಲಭವಾಗಿ ಕಾಣುತ್ತದೆ. ಮಾಡದೇ ಬಿಟ್ಟ ಕೆಲಸ ಕಾಣುವುದು ಕಷ್ಟ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಜಾಸ್ತಿ ಇರುವುದು ಎರಡನೆಯದೇ. ಸಾಕ್ಷಿಯನ್ನು ಕರೆಸಲಿಲ್ಲ, ಬಟ್ಟೆಯನ್ನು ಲ್ಯಾಬಿಗೆ ಕಳಿಸಲಿಲ್ಲ, ಅದೇ ವಿಳಾಸದಿಂದ ಹಿಂದೆ ಬಂದ ಕರೆಗಳನ್ನು ತೆಗೆದು ನೋಡಲಿಲ್ಲ.

ಇದಕ್ಕೆ ಒಂದು ದಾರಿ ಆಗಲೇ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1999ರಲ್ಲಿ ಪತ್ರಿಕೆಯೊಂದು ಒಂದು ವಿಷಯ ಬಯಲು ಮಾಡಿತು. ಲೈಂಗಿಕ ದೌರ್ಜನ್ಯದ ಸಾವಿರಾರು ದೂರುಗಳನ್ನು ಅಲ್ಲಿನ ಪೊಲೀಸರು ವರ್ಷಗಟ್ಟಲೆ '2701' ಅನ್ನುವ ಕೋಡಿನಡಿ ಸೇರಿಸಿದ್ದರು. ಅದು ಅಪರಾಧದ ಕೋಡೇ ಅಲ್ಲ, ಸುಮ್ನೆ 'ವ್ಯಕ್ತಿಯ ವಿಚಾರಣೆ' ಅಂತ. ಹಾಗಾಗಿ ಆ ದೂರುಗಳು ಅಪರಾಧದ ಲೆಕ್ಕಕ್ಕೇ ಬರಲಿಲ್ಲ. ಆಗಿನ ಪೊಲೀಸ್ ಕಮಿಷನರ್ ಜಾನ್ ಟಿಮೋನಿ ಹಳೆಯ ಫೈಲುಗಳನ್ನು ಮತ್ತೆ ತೆರೆಸಿದರು. ಅಷ್ಟಕ್ಕೇ ನಿಲ್ಲಿಸದೆ, ಮಹಿಳಾ ಸಂಘಟನೆಗಳ ವಕೀಲರನ್ನೂ ಕಾರ್ಯಕರ್ತೆಯರನ್ನೂ ಒಳಗೆ ಕರೆದರು. 2000ದಿಂದ ಶುರುವಾದ ಪದ್ಧತಿ ಇದು: ಹೊರಗಿನವರು ಪ್ರತಿವರ್ಷ ಪೊಲೀಸ್ ಕಚೇರಿಯಲ್ಲೇ ಕೂತು, 'ಆಧಾರವಿಲ್ಲ' ಅಂತ ಮುಚ್ಚಿದ ಫೈಲುಗಳನ್ನು ಓದುತ್ತಾರೆ. ಉಳಿದವುಗಳಲ್ಲೂ ಕೆಲವನ್ನು ಆರಿಸಿ ನೋಡುತ್ತಾರೆ. ಬಿಟ್ಟುಹೋದದ್ದು ಕಂಡರೆ ಅಲ್ಲೇ ತನಿಖಾಧಿಕಾರಿಗಳನ್ನು ಕೇಳುತ್ತಾರೆ.

ಗಮನಿಸಿ, ಇಲ್ಲಿ ಸಂತ್ರಸ್ತೆ ಮತ್ತೆ ಹೋರಾಡಬೇಕಿಲ್ಲ. ಅವಳು ದೂರು ಕೊಡದೆ ಇದ್ದರೂ ಅವಳ ಫೈಲನ್ನು ಯಾರೋ ಓದುತ್ತಾರೆ.

ಕೆನಡಾದಲ್ಲೂ ಇದು ಬೇಕಾಯ್ತು. 2017ರಲ್ಲಿ 'ದಿ ಗ್ಲೋಬ್ ಅಂಡ್ ಮೇಲ್' ಪತ್ರಿಕೆ 870ಕ್ಕೂ ಹೆಚ್ಚು ಪೊಲೀಸ್ ವ್ಯಾಪ್ತಿಗಳ ಅಂಕಿಅಂಶ ಕಲೆಹಾಕಿತು. ಲೈಂಗಿಕ ದೌರ್ಜನ್ಯದ ಐದು ದೂರುಗಳಲ್ಲಿ ಒಂದನ್ನು 'ಆಧಾರವಿಲ್ಲ' ಅಂತ ಬದಿಗಿಟ್ಟಿದ್ದು ಗೊತ್ತಾಯಿತು. ಆಮೇಲೆ ಅಲ್ಲಿನ ಅನೇಕ ಪೊಲೀಸ್ ಪಡೆಗಳು ಫಿಲಡೆಲ್ಫಿಯಾದ ಪದ್ಧತಿಯತ್ತ ತಿರುಗಿದವು.

'ಅವಳೇ ದೂರು ವಾಪಸ್ ತಗೊಂಡಳಲ್ಲ' ಅನ್ನುವುದು ನಾನು ಅತಿ ಹೆಚ್ಚು ಕೇಳುವ ಉತ್ತರ. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 'ಓಪುಜ್ ವಿರುದ್ಧ ಟರ್ಕಿ' ಪ್ರಕರಣದಲ್ಲಿ ಈ ಮಾತನ್ನು ಒಪ್ಪಲಿಲ್ಲ. ಅಲ್ಲಿ ತಾಯಿ, ಮಗಳು ಇಬ್ಬರೂ ಮತ್ತೆ ಮತ್ತೆ ದೂರು ಕೊಟ್ಟಿದ್ದರು, ಬೆದರಿಕೆಗೆ ಹೆದರಿ ವಾಪಸ್ ಪಡೆದಿದ್ದರು. ಹಲವು ಸಲ ಕೇಸ್ ಬಿದ್ದುಹೋಯಿತು. 2002ರಲ್ಲಿ ಅಳಿಯ ಆ ತಾಯಿಯನ್ನು ಗುಂಡಿಟ್ಟು ಕೊಂದ. ದೂರು ವಾಪಸ್ ಬಂದ ಮಾತ್ರಕ್ಕೆ ಸರ್ಕಾರದ ಹೊಣೆ ಮುಗಿಯುವುದಿಲ್ಲ ಅಂತ ನ್ಯಾಯಾಲಯ ಹೇಳಿತು. ನನಗಂತೂ ದೂರು ವಾಪಸ್ ಬಂದ ಫೈಲೇ ಮೊದಲು ಓದಬೇಕಾದ ಫೈಲು. ಯಾಕೆ ವಾಪಸ್ ತಗೊಂಡಳು, ಆಗ ಪಕ್ಕದಲ್ಲಿ ಯಾರಿದ್ದರು ಅಂತ ಯಾರಾದರೂ ಕೇಳಿದ್ದಾರಾ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ, ಮನೆಯೊಳಗಿನ ಹಿಂಸೆಯಿಂದ ಯಾರಾದರೂ ಸತ್ತರೆ ಎಲ್ಲ ಇಲಾಖೆಗಳ ಕಡತ ತರಿಸಿ ಪರಿಶೀಲಿಸುವ ಕಾನೂನು ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ಜೀವ ಹೋದ ಮೇಲೆ ಅಷ್ಟು ಶ್ರದ್ಧೆಯಿಂದ ಓದುವ ಫೈಲನ್ನು ಅವಳು ಬದುಕಿರುವಾಗಲೇ ಓದಬಹುದಲ್ವಾ?

ಗುಟ್ಟು ಹೊರಗೆ ಹೋಗುತ್ತದೆ ಅಂತ ಪೊಲೀಸರು ಆತಂಕಪಡುತ್ತಾರೆ. ಆತಂಕ ನಿಜವಾದದ್ದೇ, ಅದಕ್ಕೆ ಪರಿಹಾರವೂ ಇದೆ. ಓದುವವರು ಬಾಯಿ ಬಿಡುವುದಿಲ್ಲ ಅಂತ ಬರೆದುಕೊಡಲಿ, ಒಂದು ಹಾಳೆಯನ್ನೂ ಹೊರಗೆ ಒಯ್ಯದಿರಲಿ. ಇದಕ್ಕಿಂತ ಕಷ್ಟದ್ದು, ಹೊಡೆಯುವವನೇ ಪೊಲೀಸ್ ಆಗಿದ್ದಾಗ ಬರುವ ಪ್ರಶ್ನೆ. ಆಗ ಅವನ ಸಹೋದ್ಯೋಗಿಗಳೇ ತನಿಖೆ ಮಾಡಬಾರದು. ಫೈಲು ಮುಚ್ಚುವ ತನಕ ಕಾಯಲೂಬಾರದು, ಮೊದಲ ದಿನವೇ ಬೇರೆ ಕಡೆಗೆ ಹೋಗಬೇಕು. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಆ ಹೆಂಗಸನ್ನು ಕೊನೆಗೆ ಅವಳ ಅಕ್ಕನ ನಂಬರಿನಿಂದ ಹುಡುಕಿದೆವು. ಆ ನಂಬರ್ ಕೂಡ ಮೊದಲ ಹಾಳೆಯಲ್ಲೇ ಇತ್ತು. ಕೇಸ್ ಮತ್ತೆ ತೆರೆಯಿತು. ಅಂದಿನಿಂದ ನನ್ನ ಹತ್ತಿರ ಯಾರೇ ಬಂದರೂ, ಠಾಣೆಗೆ ಕೊಡುವ ಹೇಳಿಕೆಯ ಕೆಳಗೆ ಎರಡು ಸಾಲು ಬರೆಸುತ್ತೇನೆ. ಯಾವ ನಂಬರಿಗೆ, ಯಾವ ಹೊತ್ತಲ್ಲಿ ಕರೆ ಮಾಡಿದರೆ ಅಪಾಯವಿಲ್ಲ ಅಂತ ಒಂದು. ಯಾವ ನಂಬರಿಗೆ ಮಾಡಲೇಬಾರದು ಅಂತ ಇನ್ನೊಂದು.