ಆರನೇ ಬೆರಳಿಗೂ ಗ್ರಹಣಕ್ಕೂ ಸಂಬಂಧ ಇಲ್ಲ

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಾಗಿ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ. ಕೂಸಿನ ಹೆಬ್ಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳು. "ಗ್ರಹಣದಾಗ ಸೊಸಿ ಹೊರಗ ಬಂದಿದ್ಲು ಡಾಕ್ಟ್ರೇ, ಅದಕ್ಕೇ ಹಿಂಗಾತೇನ್ರಿ?" ಅಂತ ಅಜ್ಜಿ ಕೇಳುತ್ತಾರೆ. ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ನಾನು ಕೂಸಿನ ಅಪ್ಪನ ಕೈ ನೋಡುತ್ತೇನೆ. ಕೆಲವೊಮ್ಮೆ ಹೆಬ್ಬೆರಳ ಬುಡದಲ್ಲಿ ಹಳೇ ಹೊಲಿಗೆಯ ಕಲೆ ಸಿಗುತ್ತದೆ, ಚಿಕ್ಕಂದಿನಲ್ಲಿ ತೆಗೆಸಿದ್ದು!

ಗರ್ಭದಲ್ಲಿ ನಾಲ್ಕನೇ ವಾರದ ಹೊತ್ತಿಗೆ ಕೈಯ ಮೊಗ್ಗು ಮೂಡುತ್ತದೆ. ಅದರಲ್ಲಿ ಕಿರುಬೆರಳು ಬರಬೇಕಾದ ಅಂಚಿನ ಜೀವಕೋಶಗಳು ಮಾತ್ರ ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಪ್ರೋಟೀನ್ ಬಿಡುತ್ತವೆ (ಹೌದು, ವಿಡಿಯೊ ಗೇಮಿನ ಸೋನಿಕ್ ಹೆಸರೇ). ಅದು ಜಾಸ್ತಿ ಇದ್ದ ಕಡೆ ಕಿರುಬೆರಳು, ಇಲ್ಲದ ಕಡೆ ಹೆಬ್ಬೆರಳು. ಈ ಪ್ರೋಟೀನ್ ಮಾಡಿಸುವ ಜೀನ್ ಕೈಯಲ್ಲಿ ಎಲ್ಲಿ ಶುರುವಾಗಬೇಕು ಅಂತ ಹೇಳುವ ಸ್ವಿಚ್ ಇರುವುದು ಸುಮಾರು 10 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ದೂರದಲ್ಲಿ, ಅದೂ ಬೇರೊಂದು ಜೀನಿನ ಹೊಟ್ಟೆಯೊಳಗೆ. ಅಲ್ಲಿ ಒಂದೇ ಅಕ್ಷರ ಬದಲಾದರೂ ಹೆಬ್ಬೆರಳ ಕಡೆಗೂ ಪ್ರೋಟೀನ್ ಬಂದು ಇನ್ನೊಂದು ಬೆರಳು ಚಿಗುರಬಹುದು. ಜೀನ್ ಸರಿಯಾಗೇ ಇರುತ್ತದೆ, ಅದು ಕೆಲಸ ಮಾಡುವ ಜಾಗ ತಪ್ಪಿರುತ್ತದೆ, ಅಷ್ಟೇ. ಎಲ್ಲಾ ಆರನೇ ಬೆರಳಿಗೂ ಇದೇ ಕಾರಣ ಅಲ್ಲ. ಕಿರುಬೆರಳ ಪಕ್ಕ ಬರುವುದರ ಕಥೆ ಬೇರೆ.

ಹಾವುಗಳಲ್ಲಿ ಇದೇ ಸ್ವಿಚ್ ಕೆಟ್ಟಿದೆ. 2016ರಲ್ಲಿ ಇಲಿಯ ಸ್ವಿಚ್ ತೆಗೆದು ಹೆಬ್ಬಾವಿನದ್ದು ಹಾಕಿ ನೋಡಿದರು. ಹುಟ್ಟಿದ ಮರಿಗಳಿಗೆ ಕಾಲಿನ ಜಾಗದಲ್ಲಿ ಬರೀ ಮೋಟು!

ಬೆರಳಿಗೆ ಸೋನಿಕ್ ಇದ್ದ ಹಾಗೆ ಬೆನ್ನುಮೂಳೆಯ ಉಸ್ತುವಾರಿ ಹಾಕ್ಸ್ ಅನ್ನೋ ಜೀನ್‌ಗಳದ್ದು. ನಮ್ಮಲ್ಲಿ 39 ಇವೆ, ನಾಲ್ಕು ಗುಂಪಾಗಿ. ಕ್ರೋಮೋಸೋಮಿನ ಮೇಲೆ ಅವು ಸಾಲಾಗಿ ಕೂತ ಕ್ರಮದಲ್ಲೇ ತಲೆಯಿಂದ ಬಾಲದವರೆಗೆ ಕೆಲಸ ಹಂಚಿಕೊಂಡಿವೆ. ಇಲಿಯಲ್ಲಿ ಹತ್ತನೇ ನಂಬರಿನ ಹಾಕ್ಸ್ ಜೀನ್‌ಗಳನ್ನೆಲ್ಲ ತೆಗೆದರೆ ಸೊಂಟದ ಮೂಳೆಗಳಿಗೂ ಪಕ್ಕೆಲುಬು ಬರುತ್ತದೆ.

ನನಗೆ ಗ್ರಹಣಕ್ಕಿಂತ ಭಯ ಮೊಡವೆ ಮಾತ್ರೆಯದ್ದು. ಹಾಕ್ಸ್ ಜೀನ್‌ಗಳಿಗೆ ಸೂಚನೆ ಕೊಡುವವುಗಳಲ್ಲಿ ಎ ವಿಟಮಿನ್ನಿನಿಂದ ಆಗುವ ರೆಟಿನಾಯಿಕ್ ಆಮ್ಲವೂ ಒಂದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಅದೇ ಕುಲದ್ದು. ಗರ್ಭಿಣಿ ನುಂಗಿದರೆ ಆ ಸೂಚನೆಯೇ ಹದಗೆಟ್ಟು ಕೂಸಿನ ಕಿವಿ, ಹೃದಯ, ಮೆದುಳಿಗೆ ಪೆಟ್ಟು ಬೀಳಬಹುದು. ಮದುವೆ ಮುಂಚೆ ಮುಖ ಚೆಂದ ಕಾಣಲಿ ಅಂತ ಗೆಳತಿ ಹೇಳಿದ ಮಾತ್ರೆಯನ್ನು ಸುಮ್ನೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವವರಿದ್ದಾರಲ್ವಾ, ಅವರಿಗೆ ಇದು ಗೊತ್ತಿರಲಿ: ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆಯುವವರೆಗೆ ಗರ್ಭ ನಿಲ್ಲಬಾರದು. ಎ ವಿಟಮಿನ್ ಅಂತ ಸೊಪ್ಪು, ಕ್ಯಾರೆಟ್ ತಿನ್ನಲು ಹೆದರಬೇಕಿಲ್ಲ.