ಪೂಜೆ ಕೊಂಕಣಿಗೆ ಬಂತು, ಜೊತೆಗೆ ಪ್ರಶ್ನೆಗಳೂ ಬಂದವು

ಮಂಗಳೂರು, ಉಡುಪಿ ಕಡೆಯ ಯಾವ ಚರ್ಚಿನ ವಾರ್ಡ್ ಮೀಟಿಂಗಿಗೆ ಹೋದರೂ ಒಂದು ಮಾತು ಬಂದೇ ಬರುತ್ತದೆ. ಯುವಕರು ಭಾನುವಾರದ ಪೂಜೆಗೆ, ಅಂದರೆ ಮಾಸ್‌ಗೆ, ಬರುತ್ತಿಲ್ಲ. ಬಂದರೂ ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾರೆ. ಒಬ್ಬರು ಮೊಬೈಲನ್ನು ದೂರುತ್ತಾರೆ, ಇನ್ನೊಬ್ಬರು ಬೆಂಗಳೂರನ್ನು, ಮತ್ತೊಬ್ಬರು ಫಾದರ್‌ಗಳ ಉದ್ದುದ್ದ ಪ್ರಸಂಗವನ್ನು, ಅಂದರೆ ಉಪದೇಶವನ್ನು. ಪ್ರಾಟೆಸ್ಟೆಂಟ್ ಸಭೆಗಳಲ್ಲೂ ಇದೇ ಗೋಳು. ವಿಚಾರವಾದಿಗಳ ಸವಾಲು, ಮತಾಂತರದ ಗಲಾಟೆ, ಗಲ್ಫ್-ಕೆನಡಾ ವಲಸೆ ಎಲ್ಲ ಇದರ ಜೊತೆ ಸೇರಿ, ಯಾವುದು ಕಾರಣ, ಯಾವುದು ಪರಿಣಾಮ ಅಂತಲೇ ತಿಳಿಯದಷ್ಟು ಗೋಜಲಾಗಿದೆ. ಆದರೆ ನಂಬಿಕೆಯ ಬಗ್ಗೆ ಅನುಮಾನ ಅನ್ನುವುದು ಇಲ್ಲಿ ಹೊರಗಿನಿಂದ ಮೊನ್ನೆ ಮೊನ್ನೆ ಬಂದದ್ದಲ್ಲ. ಅದರ ಬಹುಪಾಲು ಚರ್ಚಿನ ಅಂಗಳದಲ್ಲೇ ಬೆಳೆದದ್ದು.

ಹಳೆಯ ಕಥೆಯನ್ನು ಬೇಗ ದಾಟಿಬಿಡೋಣ. ಬೋಳಾರದ ರೊಸಾರಿಯೋ ಚರ್ಚು 1568ರದ್ದು. ಆಮೇಲೆ ಗೋವಾದಿಂದ ಅಲೆ ಅಲೆಯಾಗಿ ಕೊಂಕಣಿ ಮಾತಿನ ಕಥೋಲಿಕ ಕುಟುಂಬಗಳು ಬಂದವು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಸಾವಿರಾರು ಜನ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದರು, ಉಳಿದವರು 1799ರ ನಂತರ ಊರಿಗೆ ಮರಳಿದರು, ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ದೇವರು ಇದ್ದಾನೋ ಇಲ್ಲವೋ ಎಂದು ಕೇಳುವ ಪುರುಸೊತ್ತು ಅವರಿಗೆ ಇರಲಿಲ್ಲ. ನಾವು ಉಳಿಯುತ್ತೇವಾ ಅನ್ನುವುದೇ ಅವರ ಪ್ರಶ್ನೆಯಾಗಿತ್ತು.

1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಆಗ ಶುರುವಾದದ್ದು ಬೇರೆ ರೀತಿಯ ಅನುಮಾನ. ಹೊಟ್ಟೆಪಾಡಿಗೆ ಮತ ಬಿಟ್ಟರು ಎಂದು ಊರವರು ಆಡಿಕೊಂಡರು. ಕ್ರೈಸ್ತರಾದವರಲ್ಲಿ ಬಿಲ್ಲವರು ಜಾಸ್ತಿ. ಸಭೆಗೆ ಸೇರಿದ ಮೇಲೆ ಶೇಂದಿ ಇಳಿಸುವ ಕೆಲಸ ಬಿಡಬೇಕಾಗುತ್ತಿತ್ತು, ಜಾತಿಯವರು ಹೊರಗಿಡುತ್ತಿದ್ದರು. ಹಾಗೆ ಕೆಲಸ ಕಳೆದುಕೊಂಡವರಿಗೆ ಏನಾದರೂ ದಾರಿ ಬೇಕಲ್ವಾ? ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕೆಲಸಕ್ಕಾಗಿ ಬಂದರೋ, ಬಂದದ್ದಕ್ಕೆ ಕೆಲಸ ಹೋಯಿತೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಅದೇ ಮಿಷನ್ ಮುದ್ರಣಾಲಯವನ್ನೂ ತಂದಿತು, ಶಾಲೆಗಳನ್ನೂ ತೆರೆಯಿತು. ಮಿಷನ್‌ನ ಜರ್ಮನ್ ಪಾದ್ರಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡ ಪತ್ರಿಕೆ ಹೊರಡಿಸಿದರು. 1847ಕ್ಕೆ ತುಳುವಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚಾಯಿತು. ಓದು ಕಲಿಸಿ, ಪುಸ್ತಕ ಕೈಗೆ ಕೊಟ್ಟು, ಪ್ರಶ್ನೆ ಮಾತ್ರ ಕೇಳಬೇಡ ಅಂದರೆ ಆಗುವ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ದೇಶ ಬಿಡಬೇಕಾಯಿತು. ಮಿಷನ್ ಮುಗಿದೇಹೋಯಿತು ಎಂದವರು ಕಡಿಮೆಯಲ್ಲ. ಭಾನುವಾರದ ಆರಾಧನೆ ಮಾತ್ರ ನಿಲ್ಲಲಿಲ್ಲ, ಊರಿನ ಹಿರಿಯರೇ ನಡೆಸಿಕೊಂಡು ಹೋದರು.

ನಿಜವಾದ ತಿರುವು ಬಂದದ್ದು 1960ರ ದಶಕದಲ್ಲಿ, ಕಥೋಲಿಕರ ಕಡೆ. ಹಳೆಯ ಪೂಜೆಯನ್ನು ಕಂಡ ಹಿರಿಯರನ್ನು ಕೇಳಿದರೆ ಅದು ಹೇಗಿತ್ತು ಅಂತ ಹೇಳುತ್ತಾರೆ. ಪಾದ್ರಿ ಜನರಿಗೆ ಬೆನ್ನು ಹಾಕಿ ಲ್ಯಾಟಿನ್‌ನಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ಜನ ತಮ್ಮ ಪಾಡಿಗೆ ತೇರ್ಸ್ (ಜಪಮಾಲೆ) ಮಣಿ ಎಣಿಸುತ್ತ ಕೂತಿರುತ್ತಿದ್ದರು. ಗಂಟೆ ಬಾರಿಸಿದಾಗ ಮಂಡಿಯೂರುವುದು, ಮತ್ತೆ ಬಾರಿಸಿದಾಗ ತಲೆ ಎತ್ತುವುದು. ಪ್ರಸಂಗ ಕೊಂಕಣಿಯಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಹಾಡು ಕೊಂಕಣಿಯಲ್ಲಿ, ಮನೆಯ ರಾತ್ರಿ ಪ್ರಾರ್ಥನೆಯೂ ಕೊಂಕಣಿಯಲ್ಲೇ. ಪೂಜೆಯೊಂದು ಮಾತ್ರ ಅರ್ಥವಾಗದ ಭಾಷೆಯಲ್ಲಿ. ಯಾರಿಗೂ ಅದೊಂದು ಕೊರತೆ ಅನಿಸಿರಲಿಲ್ಲ.

ಜಗತ್ತಿನ ಕಥೋಲಿಕ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಪೂಜಾವಿಧಿಯ ದಾಖಲೆ ಹೊರಡಿಸಿ, ಜನರ ಭಾಷೆಗೆ ಬಾಗಿಲು ತೆರೆಯಿತು. 1965ರಲ್ಲಿ ಬೇಸಿಲ್ ಸಾಲ್ವದೋರ್ ಡಿಸೋಜ ಮಂಗಳೂರಿನ ಬಿಷಪ್ ಆದರು, 1996ರವರೆಗೂ ಇದ್ದರು. ಬದಲಾವಣೆ ಬೇರೂರಿದ್ದು ಆ ಅವಧಿಯಲ್ಲೇ. ಪಾದ್ರಿ ಜನರ ಕಡೆ ತಿರುಗಿದರು. ಮೈಕ್ ಬಂತು. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪ್ರಾರ್ಥನೆಗಳು ಪೂಜಾಪೀಠದ ಮೇಲೆ ಬಂದವು. ಗಾಯನ ಮಂಡಳಿಗಳು ಹೊಸ ಹಾಡು ಕಟ್ಟಿದವು. ಆ ಗಾಂಭೀರ್ಯ ಹೋಯಿತು ಎಂದು ಕೆಲವು ಅಜ್ಜ ಅಜ್ಜಿಯಂದಿರು ಕೊರಗಿದ್ದೂ ಉಂಟು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ಆಮೇಲೆ ಆದದ್ದನ್ನು ಯಾರೂ ಯೋಜಿಸಿರಲಿಲ್ಲ. ಬೈಬಲ್ ವಾಚನಗಳು ವಾರ ವಾರ ಕಿವಿಗೆ ಬೀಳತೊಡಗಿದವು, ಮನೆ ಮಾತಿನಲ್ಲಿ. ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮ. ನಾನು ಹುಟ್ಟಿದ ದಿನವೇ ಹಾಳಾಗಲಿ ಎನ್ನುವ ಯೋಬ. ನನ್ನ ಕೈ ಯಾಕೆ ಬಿಟ್ಟೆ ಎಂದು ದೇವರನ್ನೇ ಕೇಳುವ ಕೀರ್ತನೆ. ಈಸ್ಟರ್ ಮುಗಿದ ಮುಂದಿನ ಭಾನುವಾರ ಪ್ರತಿ ವರ್ಷವೂ ಶಿಷ್ಯ ತೋಮನ ಕಥೆ: ಯೇಸು ಸತ್ತು ಎದ್ದು ಬಂದ ಎಂದಾಗ, ಅವನ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬೋದಿಲ್ಲ ಎಂದವನು. ಅದನ್ನು ಲ್ಯಾಟಿನ್ ಕಾಲದಲ್ಲೂ ಅದೇ ಭಾನುವಾರ ಓದುತ್ತಿದ್ದರು. ಈಗ ಹತ್ತು ವರ್ಷದ ಹುಡುಗನಿಗೂ ಅದು ನೇರವಾಗಿ ಕೇಳಿಸಿತು. ಮನೆಗೆ ಬಂದು ಅವನು ಕೇಳಿದ, ತೋಮ ಹೇಳಿದ್ದರಲ್ಲಿ ತಪ್ಪೇನು ಅಂತ. ಎಷ್ಟೋ ಮನೆಗಳಲ್ಲಿ, ದೊತೊರ್ನ್ (ಧರ್ಮಬೋಧನೆಯ) ಕ್ಲಾಸುಗಳಲ್ಲಿ ಸಿಕ್ಕ ಉತ್ತರ ಒಂದೇ: ಸುಮ್ನೆ ನಂಬು. ತೋಮನಿಗೆ ಯೇಸು ಹಾಗೆ ಹೇಳಲಿಲ್ಲ, ಕೈ ಚಾಚು ಅಂದ. ಪೂಜೆಯೊಳಗೆ ಪ್ರಶ್ನೆಗೆ ಜಾಗ ಇತ್ತು, ಪೂಜೆ ಮುಗಿದ ಮೇಲೆ ಇರಲಿಲ್ಲ. ಗೋಜಲಿನ ಒಂದು ಎಳೆ ಇಲ್ಲಿದೆ ಅಂತ ನನಗೆ ಅನಿಸುತ್ತದೆ.

ಇದೇ ಹೊತ್ತಿಗೆ ಹೊರಗೂ ಗಾಳಿ ಬದಲಾಗಿತ್ತು. ಕೋಟದ ಶಿವರಾಮ ಕಾರಂತರು ಆಗಲೇ ಮನೆಮಾತು, ದೇವರ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬೀಳುವವರಲ್ಲ. 1970ರ ದಶಕದಲ್ಲಿ ಪವಾಡಗಳಿಗೆ ಸವಾಲು ಹಾಕುತ್ತ ಅಬ್ರಹಾಂ ಕೋವೂರ್ ದೇಶ ಸುತ್ತಿದರು. ಅವರ ತಂದೆ ಕೇರಳದ ಮಾರ್ ತೋಮಾ ಚರ್ಚಿನ ಪಾದ್ರಿ ಎಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಮಂಗಳೂರಿನ ನರೇಂದ್ರ ನಾಯಕ್ ಪವಾಡ ಬಯಲು ಕಾರ್ಯಕ್ರಮಗಳನ್ನು ಊರೂರಿಗೆ ಒಯ್ದರು. ಚರ್ಚಿನೊಳಗೆ ಇದಕ್ಕೆ ಎರಡು ರೀತಿಯ ಪ್ರತಿಕ್ರಿಯೆ. ಕೆಲವರು ಧ್ಯಾನಕೂಟ, ಗುಣಪಡಿಸುವ ಪ್ರಾರ್ಥನೆಗಳ ಕಡೆ ವಾಲಿದರು. ಕೆಲವರು ಮದುವೆ, ಸಾವು, ಕ್ರಿಸ್‌ಮಸ್ಸಿಗಷ್ಟೇ ಬರುವವರಾದರು. ನಡುವಿನ ಜನರ ಬಗ್ಗೆ ಯಾರೂ ಮಾತಾಡಲಿಲ್ಲ.

2008ರ ಸೆಪ್ಟೆಂಬರ್‌ನಲ್ಲಿ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಬೈಕಿನ ಹತ್ತಿರ ನಿಲ್ಲುವವರೂ ಒಳಗೆ ಬಂದರು. ಆದರೆ ಭಯದಲ್ಲಿ ಒಟ್ಟಾಗುವುದು ಬೇರೆ, ನಂಬಿಕೆಯಲ್ಲಿ ನಿಲ್ಲುವುದು ಬೇರೆ. 2012ರಲ್ಲಿ ಉಡುಪಿ ತನ್ನದೇ ಬಿಷಪ್ ಇರುವ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಕಲ್ಯಾಣಪುರದ ಮಿಲಾಗ್ರಿಸ್ ಚರ್ಚು ಅದರ ಕೆಥೆಡ್ರಲ್, ಅಂದರೆ ಪ್ರಧಾನ ಚರ್ಚು, ಆಯಿತು. 2020ರ ಈಸ್ಟರ್‌ಗೆ ಎಲ್ಲ ಚರ್ಚುಗಳ ಬಾಗಿಲು ಮುಚ್ಚಿತ್ತು. ಪೂಜೆಯನ್ನು ಮೊಬೈಲಿನಲ್ಲಿ ನೋಡಿದ ಕೆಲವರು ಬಾಗಿಲು ತೆರೆದ ಮೇಲೂ ಮೊಬೈಲಿನಲ್ಲೇ ಉಳಿದರು.

ಹಾಗಾದರೆ ಭರವಸೆ ಎಲ್ಲಿದೆ? ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬವೂ ತೆನೆ ಹಬ್ಬವೂ ಆದ ದಿನ, ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿ ತೆನೆ ಆಶೀರ್ವದಿಸುತ್ತಾರೆ, ಮನೆಗೊಂದಿಷ್ಟು ಹಂಚುತ್ತಾರೆ. ಮನೆಯಲ್ಲಿ ಆ ಭತ್ತವನ್ನು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಮೀನಿಲ್ಲದ ಊಟ, ಕರಾವಳಿಯಲ್ಲಿ ಅದು ಸಣ್ಣ ತ್ಯಾಗವಲ್ಲ! ಗದ್ದೆ ಇಲ್ಲದ ಪ್ಯಾಟೆಯ ಚರ್ಚುಗಳು ತೆನೆಯನ್ನು ಬೇರೆ ಊರಿನಿಂದ ತರಿಸುತ್ತವೆ. ನಾನು ನಂಬೋದಿಲ್ಲ ಎನ್ನುವ ಮಗನೂ ಆ ದಿನಕ್ಕೆ ಬೆಂಗಳೂರಿನಿಂದ ಬಸ್ ಹತ್ತುತ್ತಾನೆ. ಅದು ನಂಬಿಕೆಯಲ್ಲ, ಬರೀ ಸಂಪ್ರದಾಯ ಎನ್ನುವವರಿದ್ದಾರೆ. ಇರಬಹುದು. ಆದರೂ ಅವನು ಬಂದಿರುವ ಆ ಒಂದು ದಿನ ಅವನ ಪ್ರಶ್ನೆ ಕೇಳಿಸಿಕೊಳ್ಳಲು ಯಾರಾದರೂ ಕೂತರೆ ನಷ್ಟವೇನಿಲ್ಲ.

ಸದ್ಯಕ್ಕೆ ನಗರದ ಚರ್ಚುಗಳಲ್ಲಿ ಜೋರಾಗಿ ನಡೆದಿರುವುದು ಇಂಗ್ಲಿಷ್ ಪೂಜೆಯ ಚರ್ಚೆ. ಅದು ಹೆಚ್ಚಾದರೆ ಕೊಂಕಣಿ ಹೋಗುತ್ತದೆ ಎನ್ನುವವರು ಒಂದು ಕಡೆ, ಇಲ್ಲದಿದ್ದರೆ ಮಕ್ಕಳೇ ಹೋಗುತ್ತಾರೆ ಎನ್ನುವವರು ಇನ್ನೊಂದು ಕಡೆ. ಮಕ್ಕಳನ್ನು ಇನ್ನೂ ಯಾರೂ ಕೇಳಿದ ಹಾಗಿಲ್ಲ.